ಪೈಲಟ್ ಕೆಲಸದ ಜತೆ ನಾಟಕ, ಹಾಡು ನಡೆಸಿಕೊಂಡು ಹೋಗುವುದು ಹೇಗೆ

ನಾನು ಕೊಡಗಿನ ಸೋಮವಾರಪೇಟೆ ಕಡೆಯವಳು. ಬೆಂಗಳೂರನ್ನು ಬೇಸ್ ಮಾಡಿಕೊಂಡು ಏರ್‌ಬಸ್ 320 ಹಾರಿಸುತ್ತೇನೆ. ಹಾಡುತ್ತೇನೆ, ನಾಟಕದಲ್ಲಿ ಪಾತ್ರ ಮಾಡುತ್ತೇನೆ, ಆಗಾಗ ಸಿನಿಮಾದಲ್ಲಿ ಸಣ್ಣ ಪಾತ್ರಗಳೂ ಸಿಗುತ್ತವೆ. ಊರಿಗೆ ಹೋದಾಗ ಯಾರಾದರೂ ತಾಯಿ ಮಗಳನ್ನು ಕರೆದುಕೊಂಡು ಬಂದು, "ಇವಳಿಗೆ ಪೈಲಟ್ ಆಗ್ಬೇಕಂತೆ, ಹಾಡೋದನ್ನೂ ಬಿಡಲ್ವಂತೆ. ಎರಡೂ ಆಗುತ್ತೇನಮ್ಮ?" ಎಂದು ಕೇಳುತ್ತಾರೆ. ಆಗುತ್ತದೆ. ಹೇಗೆ ಎಂದು ಅಂಗಳದಲ್ಲಿ ನಿಂತು ಹೇಳಿ ಮುಗಿಸಲು ಆಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ಸಮಯದ ವಿಷಯ. ಪೈಲಟ್‌ಗಳಿಗೆ ಬಿಡುವು ಜಾಸ್ತಿ ಎಂದು ಜನ ಅಂದುಕೊಂಡಿದ್ದಾರೆ. ವಿಮಾನಯಾನದ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ ಡಿಜಿಸಿಎಯ ನಿಯಮದ ಪ್ರಕಾರ 7 ದಿನದಲ್ಲಿ 35 ಗಂಟೆ, ವರ್ಷದಲ್ಲಿ 1,000 ಗಂಟೆ ಮೀರಿ ಹಾರುವಂತಿಲ್ಲ. ಕೇಳಿದರೆ ಆರಾಮದ ಕೆಲಸ ಅನ್ನಿಸುತ್ತದೆ ಅಲ್ವಾ? ಆದರೆ ಈ ಲೆಕ್ಕದಲ್ಲಿ ಬರುವುದು ಹಾರಾಟದ ಗಂಟೆ ಮಾತ್ರ. ಮುಂಚೆ ಬಂದು ಹಾಜರಾಗುವುದು, ಬ್ರೀಫಿಂಗ್, ಎರಡು ಹಾರಾಟಗಳ ನಡುವೆ ಕಾಯುವುದು, ಬೇರೆ ಊರಿನ ಹೋಟೆಲ್ ವಾಸ, ಸಿಮ್ಯುಲೇಟರ್ ಪರೀಕ್ಷೆ, ಅದಕ್ಕೆ ಓದುವುದು, ಇದೆಲ್ಲ ಅದರಾಚೆಗಿನದು.

ಇನ್ನು ವಿಶ್ರಾಂತಿ. ವಾರದ ವಿಶ್ರಾಂತಿ ಹಿಂದೆ 36 ಗಂಟೆ ಇತ್ತು. 2025ರ ಜುಲೈಯಿಂದ ಅದು 48 ಗಂಟೆ, ಅದರಲ್ಲಿ ಎರಡು ರಾತ್ರಿ ಸೇರಿರಬೇಕು. ಈ ಗಂಟೆಗಳನ್ನು ನಮ್ಮ ಹವ್ಯಾಸಕ್ಕೆಂದು ಕೊಟ್ಟಿಲ್ಲ. ನನ್ನ ಹಿಂದೆ 180 ಜನ ಕೂತಿರುತ್ತಾರೆ. ಆ ನಿದ್ದೆ ಅವರಿಗೆ ಸೇರಿದ್ದು. ನಾನು ಪಾಲಿಸುವ ನಿಯಮ ಇದು: ಎರಡು ಡ್ಯೂಟಿಗಳ ನಡುವಿನ ವಿಶ್ರಾಂತಿಯಲ್ಲಿ ರಿಹರ್ಸಲ್, ಶೂಟಿಂಗ್‌ನಂಥ ಕಲೆಯ ಕೆಲಸ ಮಾಡುವುದಿಲ್ಲ. ವಾರದ ರಜೆಯಲ್ಲಿ ಹಗಲು ಮಾತ್ರ ಬಳಸುತ್ತೇನೆ, ಎರಡೂ ರಾತ್ರಿ ಪೂರ್ತಿ ಮಲಗುತ್ತೇನೆ. ರಾತ್ರಿ ಪ್ರದರ್ಶನ, ರಾತ್ರಿ ಶೂಟಿಂಗ್ ಏನಿದ್ದರೂ ಹಕ್ಕಿನ ರಜೆ ಹಾಕಿದ ದಿನಗಳಲ್ಲಿ ಮಾತ್ರ. ಮುಂದೆ ಹೇಳುವುದೆಲ್ಲ ಈ ಗೆರೆಯ ಒಳಗೇ ನಡೆಯುವುದು.

ಮೊದಲು ಲೈಸೆನ್ಸ್

ಯಾವುದು ಮೊದಲು ಎಂದು ಕೇಳಿದರೆ ನನ್ನ ಉತ್ತರ ಖಚಿತ, ವಿಮಾನ ಮೊದಲು. ಪಿಯುಸಿಯಲ್ಲಿ ಫಿಸಿಕ್ಸ್, ಗಣಿತ ಇರಬೇಕು. ಕಮರ್ಷಿಯಲ್ ಲೈಸೆನ್ಸ್‌ಗೆ 18 ವರ್ಷ ತುಂಬಿರಬೇಕು, 200 ಗಂಟೆ ಹಾರಾಟ ಆಗಿರಬೇಕು. ನ್ಯಾವಿಗೇಶನ್, ಹವಾಮಾನ, ವಾಯುಯಾನ ನಿಯಮ, ತಾಂತ್ರಿಕ ವಿಷಯ, ರೇಡಿಯೋ, ಎಲ್ಲಕ್ಕೂ ಪರೀಕ್ಷೆ ಇದೆ. ತರಬೇತಿ ಶಾಲೆಗೆ ದುಡ್ಡು ಕಟ್ಟುವ ಮೊದಲು ವೈದ್ಯಕೀಯ ಪರೀಕ್ಷೆ ಮಾಡಿಸಿ. ಮೊದಲು ಕ್ಲಾಸ್ 2 ಎಂಬ ಆರಂಭದ ಪರೀಕ್ಷೆ, ಆಮೇಲೆ ಕಮರ್ಷಿಯಲ್ ಲೈಸೆನ್ಸ್‌ಗೆ ಬೇಕಾದ ಕ್ಲಾಸ್ 1. ತೋಟ ಅಡವಿಟ್ಟು ಫೀಸು ಕಟ್ಟಿದ ಮೇಲೆ ಬಣ್ಣದ ದೃಷ್ಟಿಯಲ್ಲಿ ದೋಷ ಇದೆ ಎಂದು ತಿಳಿಯುವುದು ಬೇಡ.

ಈ ವರ್ಷಗಳಲ್ಲಿ ಹಾಡು ಬಿಡಬೇಡಿ, ಆದರೆ ಯಾರಿಗೂ ಡೇಟ್ ಕೊಡಬೇಡಿ. ದಿನಾ ಅರ್ಧ ಗಂಟೆ ಶ್ರುತಿ ಹಿಡಿದು ಕೂತರೆ ಸಾಕು. ಕೆಲಸ ಸಿಕ್ಕಿದ ಮೇಲೂ ಟೈಪ್ ರೇಟಿಂಗ್ (ಆ ಮಾದರಿಯ ವಿಮಾನ ಹಾರಿಸಲು ಬೇಕಾದ ಅರ್ಹತೆ), ಲೈನ್ ಟ್ರೈನಿಂಗ್ (ಪ್ರಯಾಣಿಕರಿರುವ ಹಾರಾಟದಲ್ಲಿ ತರಬೇತಿ) ಮುಗಿಯುವ ತನಕ ಹೀಗೇ ಇರಲಿ. ಹೊಸ ವಿಮಾನದ ಸಿಸ್ಟಮ್ ತಲೆಗೆ ಇಳಿಯುವ ಹೊತ್ತಿನಲ್ಲಿ ನಾಟಕದ ಮಾತೂ ಬಾಯಿಪಾಠ ಮಾಡುತ್ತೇನೆ ಎಂದರೆ ಎರಡೂ ಅರ್ಧಂಬರ್ಧ ಆಗುತ್ತದೆ.

ನಮ್ಮ ಹಬ್ಬ, ಅವರ ಸೀಸನ್

ಕೊಡಗಿನ ಕಲಾವಿದರಿಗೆ ದೊಡ್ಡ ತೊಡಕು ಇಲ್ಲಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಮಳೆ. ವೇದಿಕೆ ಹಾಕುವವರು ಕಡಿಮೆ. ದಸರಾ ಬಂದರೆ ಶುರು. ಮಡಿಕೇರಿಯ ಗಾಂಧಿ ಮೈದಾನ, ಗೋಣಿಕೊಪ್ಪದ ದಸರಾ, ಆಮೇಲೆ ರಾಜ್ಯೋತ್ಸವ, ಹೊಸ ಅಕ್ಕಿಯ ಹಬ್ಬ ಪುತ್ತರಿ, ಬೇಸಿಗೆಗೆ ಊರೂರಿನ ಜಾತ್ರೆ, ನಮ್ಮ ಕಡೆ ಸುಗ್ಗಿ ಹಬ್ಬ. ವಿಮಾನ ಕಂಪನಿಗಳಿಗೂ ಇದೇ ಹೊತ್ತಿನಲ್ಲಿ ಜನ ತುಂಬುತ್ತಾರೆ. ದಸರಾ, ದೀಪಾವಳಿ, ಡಿಸೆಂಬರ್, ಮಕ್ಕಳ ಬೇಸಿಗೆ ರಜೆ. ನಿಮಗೆ ರಜೆ ಬೇಕಾದಾಗಲೇ ರಜೆ ಸಿಗುವುದು ಕಷ್ಟ. ಮಳೆಗಾಲದಲ್ಲಿ ರಜೆ ಸಲೀಸಾಗಿ ಸಿಗುತ್ತದೆ, ಆದರೆ ಆಗ ವೇದಿಕೆ ಇರುವುದಿಲ್ಲ.

ನಾನು ಇದಕ್ಕೆ ಕಂಡುಕೊಂಡ ದಾರಿ ಹೀಗೆ. ಮಳೆಗಾಲದ ರಜೆಯನ್ನು ಕಲಿಯಲು ಇಟ್ಟುಕೊಳ್ಳುತ್ತೇನೆ. ಹೊಸ ಹಾಡು ಕೂರಿಸುವುದು, ನಾಟಕದ ಓದು, ರೆಕಾರ್ಡಿಂಗ್, ಡಬ್ಬಿಂಗ್ ಎಲ್ಲ ಆಗ. ಸ್ಟುಡಿಯೋಗೆ ಮಳೆಯ ಹಂಗಿಲ್ಲ. ಸೀಸನ್‌ನಲ್ಲಿ ಒಂದೇ ಒಂದು ದೊಡ್ಡ ವೇದಿಕೆ ಆರಿಸುತ್ತೇನೆ. ದಸರೆಯ ತಾರೀಕು ಪಂಚಾಂಗದಲ್ಲಿ ವರ್ಷ ಮುಂಚೆಯೇ ಗೊತ್ತಿರುತ್ತದೆ, ಹಾಗಾಗಿ ರಜೆಯ ಅರ್ಜಿಯನ್ನೂ ಅಷ್ಟು ಮುಂಚೆಯೇ ಹಾಕಿ. ದಸರಾ ಸಿಗಲಿಲ್ಲವೆಂದರೆ ರಾಜ್ಯೋತ್ಸವ ಹಿಡಿಯಿರಿ. ಕನ್ನಡ ಸಂಘಗಳು ನವೆಂಬರ್ ಪೂರ್ತಿ ಕಾರ್ಯಕ್ರಮ ಇಡುತ್ತವೆ. "ನನ್ನ ರೋಸ್ಟರ್, ಅಂದ್ರೆ ಡ್ಯೂಟಿ ಪಟ್ಟಿ, ಬಂದ ಮೇಲೆ ತಾರೀಕು ಇಡಬಹುದಾ?" ಎಂದು ಕೇಳಿದರೆ ಚಿಕ್ಕ ಸಂಘದವರು ಖುಷಿಯಿಂದ ಒಪ್ಪುತ್ತಾರೆ. ಕೇಳಲು ಸಂಕೋಚ ಬೇಡ.

ವಿಜಯದಶಮಿಯ ರಾತ್ರಿ ಮಡಿಕೇರಿಯಲ್ಲಿ ದಶಮಂಟಪಗಳ, ಅಂದರೆ ಹತ್ತು ದೇವಸ್ಥಾನಗಳ ಮಂಟಪಗಳ, ಮೆರವಣಿಗೆ ಬೆಳಗಿನ ಜಾವದವರೆಗೂ ನಡೆಯುತ್ತದೆ. ಆ ರಾತ್ರಿ ಊರಲ್ಲಿ ಇರುವುದಾದರೆ ಮಾರನೇ ದಿನವೂ ರಜೆ ಹಾಕಿ. ಒಂದು ಜತೆ ಇಯರ್‌ಪ್ಲಗ್ ಇಟ್ಟುಕೊಳ್ಳಿ. ಮಂಟಪಗಳ ಸ್ಪೀಕರ್ ಮುಂದೆ ಗಂಟೆಗಟ್ಟಲೆ ನಿಂತರೆ ಕಿವಿ ಗುಂಯ್‌ಗುಡುತ್ತದೆ. ಕಿವಿ ಕೆಟ್ಟರೆ ಹಾಡೂ ಹೋಯಿತು, ಮೆಡಿಕಲ್ಲೂ ಹೋಯಿತು.

ಸ್ಟ್ಯಾಂಡ್‌ಬೈ ದಿನವನ್ನು, ಅಂದರೆ ಕರೆ ಬಂದರೆ ಹೊರಡಲು ಸಿದ್ಧವಾಗಿರಬೇಕಾದ ದಿನವನ್ನು, ಡ್ಯೂಟಿ ದಿನ ಎಂದೇ ಎಣಿಸಿ. "ಇಲ್ಲೇ ಯಲಹಂಕದಲ್ಲಿ ಶೂಟಿಂಗ್, ಒಂದೇ ಶಾಟ್" ಎಂದು ಕರೆಯುತ್ತಾರೆ. ಹೋಗಬೇಡಿ. ಮೇಕಪ್ ಮೆತ್ತಿಕೊಂಡ ಮುಖಕ್ಕೆ ಡ್ಯೂಟಿಯ ಕರೆ ಬಂದರೆ ಎರಡು ಕಡೆಯವರಿಗೂ ಕೈಕೊಟ್ಟ ಹಾಗೆ.

ಘಾಟಿ ರಸ್ತೆಯ ಲೆಕ್ಕ

ನಮ್ಮ ಜಿಲ್ಲೆಯಲ್ಲಿ ವಿಮಾನ ನಿಲ್ದಾಣ ಇಲ್ಲ. ಸೋಮವಾರಪೇಟೆಯಿಂದ ಬೆಂಗಳೂರಿಗೆ ಐದಾರು ಗಂಟೆ, ದೇವನಹಳ್ಳಿ ತಲುಪಲು ಇನ್ನೂ ಜಾಸ್ತಿ. ವಿರಾಜಪೇಟೆಯವರಿಗೆ ಕಣ್ಣೂರು ನಿಲ್ದಾಣ ಹತ್ತಿರ, 2018ರ ಡಿಸೆಂಬರ್‌ನಲ್ಲಿ ಶುರುವಾದದ್ದು. ಆದರೆ ಮಾಕುಟ್ಟ ಘಾಟಿ ಇಳಿಯಬೇಕು. ಮಡಿಕೇರಿಯವರಿಗೆ ಮಂಗಳೂರು ಇದೆ, ಅದಕ್ಕೆ ಸಂಪಾಜೆ ರಸ್ತೆ ಬೇಕು. 2018ರ ಆಗಸ್ಟ್‌ನಲ್ಲಿ ಆ ರಸ್ತೆ ಕುಸಿದು ಸಂಚಾರ ನಿಂತದ್ದು ನಮಗೆಲ್ಲ ನೆನಪಿದೆ.

ಹಾಗಾಗಿ ಊರಿನಲ್ಲಿ ಪ್ರದರ್ಶನ ಮುಗಿಸಿ ಮಾರನೇ ದಿನ ಹಾರಾಟ ಎಂಬ ಯೋಜನೆ ಹಾಕಲೇಬೇಡಿ. ಪ್ರದರ್ಶನದ ಮಾರನೇ ದಿನ ಪ್ರಯಾಣಕ್ಕೆ, ಅದರ ಮಾರನೇ ದಿನ ಡ್ಯೂಟಿಗೆ. ರಾತ್ರಿ ಕಾರು ಓಡಿಸಿಕೊಂಡು ಬಂದು ಬೆಳಗಿನ ಹಾರಾಟಕ್ಕೆ ಕೂರುವವರನ್ನು ನೋಡಿದ್ದೇನೆ. ಅವರ ಪಕ್ಕದ ಸೀಟಿನಲ್ಲಿ ಕೂರಲು ನನಗೆ ಇಷ್ಟವಿಲ್ಲ. ಮಳೆಗಾಲದಲ್ಲಿ ಇನ್ನೂ ಒಂದು ದಿನ ಸೇರಿಸಿ.

ತಂಡದವರಿಗೆ ಮೊದಲೇ ಹೇಳಿ

ನಿರ್ದೇಶಕರು ಸಿಕ್ಕಿದ ಮೊದಲ ದಿನವೇ ನಿಮ್ಮ ಕೆಲಸ ಹೇಗೆ ಎಂದು ಬಿಡಿಸಿ ಹೇಳಿ. ತಿಂಗಳ ರೋಸ್ಟರ್ ಯಾವಾಗ ಬರುತ್ತದೆ, ಅದು ಹೇಗೆ ಬದಲಾಗಬಹುದು, ಮಂಜು ಕವಿದು ವಿಮಾನ ಬೇರೆ ಊರಿಗೆ ತಿರುಗಿದರೆ ಏನಾಗುತ್ತದೆ ಎಂದೆಲ್ಲ. "ಹೇಗಾದರೂ ಬರ್ತೀನಿ ಸಾರ್" ಎಂಬ ಮಾತು ಬೇಡ. ಆ ಮಾತು ನಂಬಿ ಅವರು ಹಾಲ್ ಬುಕ್ ಮಾಡಿರುತ್ತಾರೆ.

ನಾನು ಪ್ರತಿ ನಾಟಕಕ್ಕೂ ಒಂದು ಷರತ್ತು ಹಾಕುತ್ತೇನೆ. ನನ್ನ ಪಾತ್ರವನ್ನು ಇನ್ನೊಬ್ಬರೂ ಕಲಿತಿರಬೇಕು. ವಿಮಾನದಲ್ಲಿ ಇಬ್ಬರು ಇರುವುದೇ ಒಬ್ಬರಿಗೆ ಆಗದಿದ್ದರೆ ಇನ್ನೊಬ್ಬರು ಇಳಿಸಲಿ ಎಂದು. ನಾಟಕಕ್ಕೂ ಅದೇ ಒಳ್ಳೆಯದು. ಆ ಇನ್ನೊಬ್ಬರಿಗೆ ನಿಜವಾಗಿಯೂ ಪ್ರದರ್ಶನ ಸಿಗಬೇಕು, ಸುಮ್ನೆ ಕಾಯಿಸಿ ಕೂರಿಸುವುದು ಸರಿಯಲ್ಲ. ಎರಡು ಪ್ರದರ್ಶನ ಇದ್ದರೆ ಒಂದು ಅವರದು. ಹೀಗೆ ಮಾಡಿದರೆ ತಂಡದಲ್ಲಿ ನಿಮ್ಮ ಮೇಲೆ ಅಸಮಾಧಾನವೂ ಹುಟ್ಟುವುದಿಲ್ಲ.

ಯಾವ ಕೆಲಸ ಒಪ್ಪಬಹುದು? ಒಂದೆರಡು ದಿನದಲ್ಲಿ ಮುಗಿಯುವ ಸಿನಿಮಾ ಪಾತ್ರ, ಡಬ್ಬಿಂಗ್, ಹಿನ್ನೆಲೆ ಗಾಯನ, ಭಾವಗೀತೆ ಕಛೇರಿ, ರೇಡಿಯೋ ನಾಟಕ. ದಿನಾ ಬರುವ ಧಾರಾವಾಹಿಯ ಮುಖ್ಯ ಪಾತ್ರ ಬೇಡ. ಎಷ್ಟೇ ಆಸೆ ಹುಟ್ಟಿಸಿದರೂ ಬೇಡ. ನಮ್ಮಲ್ಲಿ ಮಡಿಕೇರಿ ಆಕಾಶವಾಣಿ ಇರುವುದು ದೊಡ್ಡ ಭಾಗ್ಯ. ಸುಗಮ ಸಂಗೀತಕ್ಕೂ ನಾಟಕಕ್ಕೂ ಆಡಿಷನ್ ಕೊಟ್ಟು ಸೇರಬಹುದು. ಸಂಗೀತಗಾರರಿಗೆ ಬಿ, ಬಿ ಹೈ, ಎ, ಟಾಪ್ ಎಂದು ಗ್ರೇಡ್ ಇದೆ. ರೇಡಿಯೋದಲ್ಲಿ ರೆಕಾರ್ಡಿಂಗ್ ಒಂದು ದಿನ, ಪ್ರಸಾರ ಇನ್ನೊಂದು ದಿನ. ನಿಮ್ಮ ನಾಟಕ ಊರಿನವರು ಕೇಳುವ ಹೊತ್ತಿನಲ್ಲಿ ನೀವು ಗುವಾಹಟಿಯಲ್ಲಿ ಇದ್ದರೂ ತೊಂದರೆ ಇಲ್ಲ. ನಮ್ಮಂಥವರಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಬೇರೆ ಇಲ್ಲ.

ಹುಡುಗರು ಬ್ರೂಸ್ ಡಿಕಿನ್ಸನ್ ಹೆಸರು ಹೇಳುತ್ತಾರೆ. ಇಂಗ್ಲೆಂಡಿನ ಐರನ್ ಮೇಡನ್ ಎಂಬ ರಾಕ್ ಸಂಗೀತ ತಂಡದ ಗಾಯಕ, ವಿಮಾನ ಕಂಪನಿಯ ಕ್ಯಾಪ್ಟನ್ ಕೂಡ ಆಗಿದ್ದವರು. 2007ರ ಮಾರ್ಚ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿದ್ದರು. 2008ರ ಪ್ರವಾಸಕ್ಕೆ ಇಡೀ ತಂಡವನ್ನೂ ಸಾಮಾನನ್ನೂ ಬೋಯಿಂಗ್ 757ರಲ್ಲಿ ಹೇರಿಕೊಂಡು ತಾವೇ ಹಾರಿಸಿದರು, ಆ ಪ್ರವಾಸದ ಮೊದಲ ಊರು ಮುಂಬೈ. ಅವರನ್ನು ನೋಡಿ ಧೈರ್ಯ ತಂದುಕೊಳ್ಳಿ, ಅವರ ವೇಳಾಪಟ್ಟಿ ನಕಲು ಮಾಡಬೇಡಿ. ಅಲ್ಲಿ ಕಛೇರಿ ಇದ್ದ ಊರಿಗೆ ವಿಮಾನ ಹೋಯಿತು. ನಾವು ವಿಮಾನ ಹೋದ ಊರಿಗೆ ಹೋಗಬೇಕಾದವರು.

ಗಂಟಲು

ವಿಮಾನದ ಒಳಗಿನ ಗಾಳಿ ತುಂಬ ಒಣ. ತೇವಾಂಶ ಹತ್ತರಿಂದ ಇಪ್ಪತ್ತು ಶೇಕಡಾ ಇರುತ್ತದೆ. ಆಗಸ್ಟ್ ತಿಂಗಳಲ್ಲಿ ನಮ್ಮ ಸೋಮವಾರಪೇಟೆ ಕಡೆಯ ಶಾಂತಳ್ಳಿಯಲ್ಲಿ ಬಟ್ಟೆ ಒಣಗದ ಗಾಳಿಯಲ್ಲಿ ಬೆಳೆದ ಗಂಟಲಿಗೆ ಇದು ಬೇರೆಯೇ ಲೋಕ. ಬಾಯಾರಿಕೆ ಆಗುವ ತನಕ ಕಾಯದೆ ಗುಟುಕು ಗುಟುಕಾಗಿ ನೀರು ಕುಡಿಯಿರಿ. ಶೌಚಕ್ಕೆ ಹೋಗುವುದು ತಾಪತ್ರಯ ಎಂದು ನೀರು ಕಡಿಮೆ ಮಾಡುವವರು ಇದ್ದಾರೆ, ನಮ್ಮ ಹೆಣ್ಣುಮಕ್ಕಳಲ್ಲಿ ಜಾಸ್ತಿ. ಅದು ಗಂಟಲಿಗೂ ಕೆಡುಕು, ತಲೆಗೂ ಕೆಡುಕು. ಕಾಫಿ ನಮಗೆ ಬಿಡಲಾಗುವುದಿಲ್ಲ. ಒಂದು ಲೋಟ ಕಾಫಿ ಕುಡಿದರೆ ಮೇಲೊಂದು ಲೋಟ ನೀರು.

ಸದ್ದಿನ ನಡುವೆ ಮನುಷ್ಯರ ದನಿ ತಾನಾಗಿ ಏರುತ್ತದೆ. ಕಾಕ್‌ಪಿಟ್‌ನಲ್ಲಿ ಹೆಡ್‌ಸೆಟ್ ಹಾಕಿಕೊಂಡೂ ಕೂಗುವವರಿದ್ದಾರೆ. ಮೈಕ್ ತುಟಿಯ ಹತ್ತಿರ ತಂದು ಮೆತ್ತಗೆ ಮಾತಾಡಿ. ಕೇಳುವವರಿಗೂ ಸ್ಪಷ್ಟ, ಗಂಟಲಿಗೂ ಹಿತ. ದಿನಕ್ಕೆ ನಾಲ್ಕು ಸೆಕ್ಟರ್, ಅಂದರೆ ನಾಲ್ಕು ಹಾರಾಟ, ಮಾಡುವವರಿಗೆ ಸಂಜೆಯ ಹೊತ್ತಿಗೆ ವ್ಯತ್ಯಾಸ ಗೊತ್ತಾಗುತ್ತದೆ.

ಹಾರಾಟ ಮುಗಿದ ದಿನ ತಾರಸ್ಥಾಯಿ ಮುಟ್ಟಬೇಡಿ. ಹೋಟೆಲ್ ಕೋಣೆಯಲ್ಲಿ ಮಾಡಬಹುದಾದ ಅಭ್ಯಾಸ ಒಂದಿದೆ. ಲೋಟದಲ್ಲಿ ಅರ್ಧ ನೀರು ಹಾಕಿ, ಅದರಲ್ಲಿ ಸ್ಟ್ರಾ ಮುಳುಗಿಸಿ, ಗುಳ್ಳೆ ಬರುವ ಹಾಗೆ ಸ್ಟ್ರಾ ಒಳಗೆ ಸ್ವರ ಹಿಡಿಯಿರಿ. ಸ, ಪ, ಮೇಲಿನ ಸ, ಮತ್ತೆ ಕೆಳಗೆ. ಕೆಲವೇ ನಿಮಿಷ ಸಾಕು. ಗಂಟಲಿನ ತಂತುಗಳ ಮೇಲೆ ಒತ್ತಡ ಬೀಳದೆ ದನಿ ಸಡಿಲವಾಗುತ್ತದೆ. ಪಕ್ಕದ ಕೋಣೆಯವರಿಗೂ ಕೇಳಿಸುವುದಿಲ್ಲ. ಆಮೇಲೆ ಬಾಯಿ ಮುಚ್ಚಿ ಗುನುಗುವುದು, ಬಿಸಿನೀರಿನ ಹಬೆ, ನಿದ್ದೆ. ಇಷ್ಟಕ್ಕೆ ನಿಲ್ಲಿಸಿ.

ಕಛೇರಿಯ ದಿನ ದನಿ ಸ್ವಲ್ಪ ಭಾರ ಅನ್ನಿಸಿದರೆ ಶ್ರುತಿ ಇಳಿಸಿ. ನಮ್ಮೂರ ನಾಟಕದ ಹಾರ್ಮೋನಿಯಂ ಮೇಷ್ಟ್ರು ಯಾವ ನಟನ ಗಂಟಲು ನೋಡಿದರೂ ಮೊದಲು ಹಾರ್ಮೋನಿಯಂನ ಮನೆ, ಅಂದರೆ ಶ್ರುತಿ, ಇಳಿಸುತ್ತಿದ್ದರು. ಕೆಳಗಿನ ಶ್ರುತಿಯಲ್ಲಿ ಭಾವ ತುಂಬಿ ಹಾಡಿದ್ದು ಜನರಿಗೆ ಹಿಡಿಸುತ್ತದೆ. ಮೇಲಿನ ಶ್ರುತಿಯಲ್ಲಿ ಒಡೆದ ದನಿ ಯಾರಿಗೂ ಬೇಡ.

ಶೀತ ಆದರೆ ಹಾರಬೇಡಿ. ಮೂಗು ಕಟ್ಟಿದಾಗ ಕೆಳಗೆ ಇಳಿಯುವ ಹೊತ್ತಿಗೆ ಕಿವಿಯೊಳಗಿನ ಒತ್ತಡ ಸರಿಹೊಂದುವುದಿಲ್ಲ. ನೋವು ಬಂದು ಕಿವಿಯ ಪರದೆಗೂ ಪೆಟ್ಟಾಗಬಹುದು. ಸಂಬಳದಲ್ಲಿ ಒಂದು ದಿನ ಹೋದರೂ ಸರಿ, ವೈದ್ಯರು ಸರಿ ಎನ್ನುವ ತನಕ ನೆಲದಲ್ಲೇ ಇರಿ.

ಔಷಧಿ, ವೈನ್, ಮೌತ್‌ವಾಶ್

ಹಾಡುವವರು ಗಂಟಲು ಕೆರೆದರೆ ಕೆಮ್ಮಿನ ಸಿರಪ್ ಹುಡುಕುತ್ತಾರೆ. ಪೈಲಟ್ ಹಾಗೆ ಮಾಡುವಂತಿಲ್ಲ. ಕೆಲವು ಸಿರಪ್‌ಗಳಲ್ಲಿ ಕೊಡೀನ್ ಇರುತ್ತದೆ, ಅದು ಅಫೀಮಿನ ಜಾತಿಯದು. 2022ರ ಜನವರಿ ಕೊನೆಯಿಂದ ವಿಮಾನ ಸಿಬ್ಬಂದಿಗೆ ಮಾದಕ ವಸ್ತುಗಳ ಪರೀಕ್ಷೆ ನಡೆಯುತ್ತಿದೆ, ಅದರಲ್ಲಿ ಇದು ಸಿಕ್ಕಿಬೀಳುತ್ತದೆ. ಶೀತದ ಮಾತ್ರೆಗಳಲ್ಲಿ ನಿದ್ದೆ ಬರಿಸುವವೇ ಹೆಚ್ಚು. ಯಾವುದೇ ಔಷಧಿ ಇರಲಿ, ಕಂಪನಿಯ ವೈದ್ಯರನ್ನು ಕೇಳದೆ ನುಂಗಬೇಡಿ. ಗಂಟಲಿಗೆ ಉಪ್ಪು ನೀರು, ಹಬೆ, ಮೌನ, ಈ ಮೂರರಿಂದ ಯಾರಿಗೂ ತೊಂದರೆ ಆಗಿಲ್ಲ.

ಮದ್ಯದ ವಿಷಯ ನಮ್ಮ ಜಿಲ್ಲೆಯಲ್ಲಿ ಬಾಯಿಬಿಟ್ಟು ಹೇಳಲೇಬೇಕು. ಮದುವೆ ಮನೆ, ನಾಟಕ ಮುಗಿದ ಮೇಲಿನ ಊಟ, ಎಲ್ಲಿ ಹೋದರೂ ಪ್ರೀತಿಯಿಂದ ಲೋಟ ಕೊಡುತ್ತಾರೆ. ಹಾರಾಟಕ್ಕೆ 12 ಗಂಟೆ ಮೊದಲಿನಿಂದ ಮುಟ್ಟುವಂತಿಲ್ಲ ಎಂಬುದು ನಿಯಮ. ಉಸಿರಿನ ಪರೀಕ್ಷೆಯಲ್ಲಿ ಸೊನ್ನೆಯೇ ಬರಬೇಕು. ಮೊದಲ ಸಲ ಸಿಕ್ಕಿಬಿದ್ದರೆ ಲೈಸೆನ್ಸ್ 3 ತಿಂಗಳು ಅಮಾನತು, ಎರಡನೇ ಸಲಕ್ಕೆ 3 ವರ್ಷ, ಮೂರನೆಯದಕ್ಕೆ ರದ್ದು. 2023ರಲ್ಲಿ ನಿಯಮ ಇನ್ನೂ ಬಿಗಿಯಾಗಿ, ಆಲ್ಕೋಹಾಲ್ ಇರುವ ಮೌತ್‌ವಾಶ್ ಕೂಡ ಬಳಸಬಾರದು ಎಂದಾಯಿತು. ನಮ್ಮ ಮನೆಗಳಲ್ಲಿ ಮಾಡುವ ಹಣ್ಣಿನ ವೈನ್ "ಅದು ಜ್ಯೂಸ್ ಥರ, ಏನೂ ಆಗಲ್ಲ" ಎಂದು ಕೊಡುತ್ತಾರೆ. ಅದರಲ್ಲಿ ಎಷ್ಟು ಆಲ್ಕೋಹಾಲ್ ಇದೆ ಎಂದು ಮಾಡಿದ ಚಿಕ್ಕಮ್ಮನಿಗೂ ಗೊತ್ತಿರುವುದಿಲ್ಲ. ಡ್ಯೂಟಿಯ ಹಿಂದಿನ ದಿನ ನಾನು ಅದರ ಹತ್ತಿರವೂ ಹೋಗುವುದಿಲ್ಲ. "ನಾಳೆ ಹಾರಾಟ ಇದೆ ಚಿಕ್ಕಮ್ಮ" ಎಂದರೆ ಯಾರೂ ಒತ್ತಾಯ ಮಾಡುವುದಿಲ್ಲ, ಪಾಯಸ ಇನ್ನೊಂದು ಸೌಟು ಬಡಿಸುತ್ತಾರೆ.

ನಟನೆಗೆ ಮೈ ಒಗ್ಗಿಸುವುದು

ಕಾಕ್‌ಪಿಟ್ ನಮಗೆ ಒಂದು ದನಿ ಕಲಿಸುತ್ತದೆ. ಏನೇ ಆಗಲಿ ಏರಿಳಿತವಿಲ್ಲದೆ, ಒಂದೇ ವೇಗದಲ್ಲಿ, ಮುಖದಲ್ಲಿ ಏನೂ ತೋರಿಸದೆ ಮಾತಾಡುವುದು. ಅಲ್ಲಿ ಅದು ಬೇಕೇ ಬೇಕು. ರಂಗದ ಮೇಲೆ ಅದೇ ದನಿ ಬಂದರೆ ತಾಯಿ ಮಗನನ್ನು ಕಳೆದುಕೊಂಡ ದೃಶ್ಯವೂ ಹವಾಮಾನ ವರದಿ ಓದಿದ ಹಾಗಾಗುತ್ತದೆ. ಇದನ್ನು ಕಳಚಲು ಸಮಯ ಬೇಕು. ರಿಹರ್ಸಲ್‌ಗೆ ಮುಂಚೆ ಮಾತಿನ ಅಭ್ಯಾಸಕ್ಕಿಂತ ಮೊದಲು ಮೈಗೆ ಕೆಲಸ ಕೊಡಿ. ಕೈಕಾಲು ಬಿಚ್ಚಿ ನಡೆಯಿರಿ, ಜೋರಾಗಿ ನಗಿ, ಪಾತ್ರದ ಮಾತನ್ನು ಸೋಮವಾರಪೇಟೆ ಸಂತೆಯಲ್ಲಿ ಮೆಣಸಿನಕಾಯಿ ಮಾರುವವರ ದನಿಯಲ್ಲಿ ಒಂದು ಸಲ ಹೇಳಿ ನೋಡಿ. ಆಮೇಲೆ ದೃಶ್ಯಕ್ಕೆ ಬನ್ನಿ.

ಮಾತು ಬಾಯಿಪಾಠ ಮಾಡಲು ಎದುರಿನ ಪಾತ್ರದ ಮಾತುಗಳನ್ನು ಮಾತ್ರ ಫೋನಿನಲ್ಲಿ ರೆಕಾರ್ಡ್ ಮಾಡಿ, ನಡುವೆ ನಿಮ್ಮ ಮಾತಿಗೆ ಜಾಗ ಬಿಡಿ. ಡ್ಯೂಟಿ ಮುಗಿಸಿ ಬರುವ ಕ್ಯಾಬ್‌ನಲ್ಲಿ ಕೇಳಿಕೊಳ್ಳಿ. ಡ್ಯೂಟಿಗೆ ಹೋಗುವ ಕ್ಯಾಬ್‌ನಲ್ಲಿ ಬೇಡ, ಆಗ ತಲೆಯಲ್ಲಿ ಆ ದಿನದ ಹಾರಾಟ ಮಾತ್ರ ಇರಲಿ.

ಮೈಗೆ ಸಂಬಂಧಪಟ್ಟ ಕೆಲವು ವಿಷಯಗಳಿಗೆ ಬೇಡ ಎಂದುಬಿಡಿ. ಪಾತ್ರಕ್ಕಾಗಿ ಬಣ್ಣದ ಲೆನ್ಸ್ ಬೇಡ, ಕಣ್ಣಿಗೆ ಸೋಂಕು ತಗುಲಿದರೆ ಹಾರಾಟ ನಿಂತಿತು. ಎತ್ತರದಿಂದ ಹಾರುವ, ಬೆಂಕಿ ದಾಟುವ ದೃಶ್ಯಗಳಿಗೆ ಸ್ಟಂಟ್‌ನವರು ಇದ್ದಾರೆ. ಮೂಳೆ ಮುರಿದರೆ ವೈದ್ಯಕೀಯ ಅರ್ಹತೆ ಹೋಗುತ್ತದೆ, ಮತ್ತೆ ಪರೀಕ್ಷೆ ಪಾಸಾಗುವ ತನಕ ಕೆಲಸವಿಲ್ಲ. ಹುಡುಗರಿಗೆ ಗಡ್ಡದ ಸಮಸ್ಯೆ. ಕಂಪನಿಯ ನಿಯಮ ಬಿಡುವುದಿಲ್ಲ, ಆಕ್ಸಿಜನ್ ಮಾಸ್ಕ್ ಮುಖಕ್ಕೆ ಗಟ್ಟಿಯಾಗಿ ಕೂರಲೂ ಬೇಕು. ಅಂಟಿಸುವ ಗಡ್ಡ ಸಾಕು ಎನ್ನುವ ನಿರ್ದೇಶಕರ ಜತೆ ಕೆಲಸ ಮಾಡಿ.

ಅನುಮತಿ, ಪೋಸ್ಟರ್, ದುಡ್ಡು

ಕೆಲಸಕ್ಕೆ ಸೇರುವಾಗ ಸಹಿ ಹಾಕಿದ ಒಪ್ಪಂದ ತೆಗೆದು ಓದಿ. ಹೊರಗಿನ ಕೆಲಸಕ್ಕೆ, ಸಂಭಾವನೆ ಇಲ್ಲದಿದ್ದರೂ, ಬರೆದು ಅನುಮತಿ ತೆಗೆದುಕೊಳ್ಳಿ. ಫೋನಿನಲ್ಲಿ "ಮಾಡಿ, ಪರವಾಗಿಲ್ಲ" ಎಂದದ್ದು ಲೆಕ್ಕಕ್ಕಿಲ್ಲ. ಒಂದೊಂದು ಕಾರ್ಯಕ್ರಮಕ್ಕೂ ಬೇರೆ ಅನುಮತಿ ಬೇಕೋ, ವರ್ಷಕ್ಕೆ ಒಂದು ಸಾಕೋ ಎಂದೂ ಕೇಳಿಟ್ಟುಕೊಳ್ಳಿ.

ಊರಿನ ಸಂಘಟಕರಿಗೆ ನಮ್ಮ ಮೇಲೆ ಅಭಿಮಾನ ಜಾಸ್ತಿ. ಕೇಳದೆಯೇ ಸಮವಸ್ತ್ರದ ಫೋಟೋ ಹಾಕಿ ಫ್ಲೆಕ್ಸ್ ಕಟ್ಟಿಬಿಡುತ್ತಾರೆ. ಕಂಪನಿಯ ಲಾಂಛನ ಇರುವ ಬಟ್ಟೆ ನಮ್ಮ ಸ್ವಂತದ್ದಲ್ಲ. ಅದಕ್ಕೇ ಕಾರ್ಯಕ್ರಮ ಒಪ್ಪಿದ ದಿನವೇ ಸೀರೆಯ ಫೋಟೋ ಕಳಿಸುತ್ತೇನೆ, ಬರೀ ಹೆಸರು ಹಾಕಿ ಎಂದು ಕೇಳಿಕೊಳ್ಳುತ್ತೇನೆ. ಸಿನಿಮಾದಲ್ಲಿ ಪೈಲಟ್ ಪಾತ್ರವೇ ಸಿಕ್ಕರೂ ಬಟ್ಟೆ ಅವರದೇ ಇರಲಿ. ಭುಜದ ಪಟ್ಟಿ ಮಾತ್ರ ಸರಿ ಮಾಡಿಸಿ, ಕ್ಯಾಪ್ಟನ್‌ಗೆ ನಾಲ್ಕು, ಫಸ್ಟ್ ಆಫೀಸರ್‌ಗೆ ಮೂರು. ಕಾಕ್‌ಪಿಟ್‌ನಲ್ಲಿ ಹಾಡಿ ರೀಲ್ಸ್ ಮಾಡುವ ಆಸೆ ಯಾರಿಗೂ ಬರದಿರಲಿ.

ಸಂಭಾವನೆ ಬ್ಯಾಂಕ್ ಖಾತೆಗೇ ಬರಲಿ. ಕಲಾವಿದರ ಸಂಭಾವನೆಗೆ ಸಾಮಾನ್ಯವಾಗಿ 10 ಶೇಕಡಾ ಟಿಡಿಎಸ್ (ಕೊಡುವಾಗಲೇ ಕಡಿಯುವ ಆದಾಯ ತೆರಿಗೆ) ಹಿಡಿಯುತ್ತಾರೆ. ಸಂಬಳದ ಜತೆ ವೃತ್ತಿಯ ಆದಾಯ ಸೇರಿದರೆ ಆದಾಯ ತೆರಿಗೆಯ ಸರಳ ನಮೂನೆಯಾದ ಐಟಿಆರ್ 1 ನಡೆಯುವುದಿಲ್ಲ, ಲೆಕ್ಕಪರಿಶೋಧಕರ ಹತ್ತಿರ ಹೋಗಿ. ಮೇಕಪ್, ಬಟ್ಟೆ, ಪ್ರಯಾಣದ ರಸೀದಿಗಳನ್ನು ಬಿಸಾಡಬೇಡಿ.

ಇನ್ನೊಂದು ಕಾಗದ ನೋಡುವುದಿದೆ. ಲೈಸೆನ್ಸ್ ಕಳೆದುಕೊಂಡರೆ ಹಣ ಕೊಡುವ ವಿಮೆ ಪೈಲಟ್‌ಗಳಿಗೆ ಇರುತ್ತದೆ. ಕಂಪನಿ ಮಾಡಿಸಿದ್ದಿರಲಿ, ನೀವೇ ಮಾಡಿಸಿದ್ದಿರಲಿ, ಶೂಟಿಂಗ್‌ನಲ್ಲಿ ಪೆಟ್ಟಾದರೆ ಕೊಡುತ್ತಾರೋ ಇಲ್ಲವೋ ಎಂದು ಷರತ್ತುಗಳನ್ನು ಓದಿ. ಅರ್ಥವಾಗದಿದ್ದರೆ ವಿಮೆಯವರಿಂದ ಬರವಣಿಗೆಯಲ್ಲಿ ಉತ್ತರ ತರಿಸಿ. ಆ ಉತ್ತರ ಕೈಗೆ ಬಂದ ಮೇಲೆ ನಿರ್ಮಾಪಕರಿಗೆ ಡೇಟ್ ಕೊಡಿ.